ಹರಿದ ಜೋಡಿನಲ್ಲೇ ಬನ್ನಿ (ಲೂಕ 15:11–32)

 

ಬೈಬಲ್ ತಂದವರು, ಫೋನಿನಲ್ಲಿ ನೋಡುವವರು, ಎಲ್ಲರೂ ಲೂಕನ ಸುವಾರ್ತೆ 15ನೇ ಅಧ್ಯಾಯ ತೆಗೆಯಿರಿ. ತಂದೆಯ ಆಸ್ತಿ ತಗೊಂಡು ದೂರ ಹೋದ ಮಗನ ಸಾಮ್ಯ. ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದಿದ್ದೀರಿ. ಆರಂಭ ಗೊತ್ತು, ಅಂತ್ಯವೂ ಗೊತ್ತು. ಅದಕ್ಕೇ ಇವತ್ತು ಈ ಭಾಗವನ್ನು ಒಬ್ಬ ಚಿತ್ರಕಾರನ ಜೊತೆ ಸೇರಿ ನಿಧಾನವಾಗಿ ಓದೋಣ. ಅವನ ಹೆಸರು ರೆಂಬ್ರಾಂಟ್. 1606ರಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ಹುಟ್ಟಿದವನು. ಈ ಒಂದು ಸಾಮ್ಯವನ್ನು ಅವನು ಮತ್ತೆ ಮತ್ತೆ ಚಿತ್ರಿಸಿದ.

ಮೊದಲ ಚಿತ್ರ ಸುಮಾರು 1635ರದ್ದು. ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಒಂದು ಪಾನಗೃಹ. ಗರಿ ಸಿಕ್ಕಿಸಿದ ಟೋಪಿ, ಸೊಂಟದಲ್ಲಿ ಕತ್ತಿ, ಕೈಯಲ್ಲಿ ಎತ್ತಿ ಹಿಡಿದ ಉದ್ದನೆಯ ಗ್ಲಾಸು, ತೊಡೆಯ ಮೇಲೆ ಒಬ್ಬ ಹೆಂಗಸು. ಕಳೆದುಹೋದ ಮಗ ಹಣ ಪೋಲು ಮಾಡುತ್ತಿರುವ ದೃಶ್ಯ. ಆ ಮಗನ ಮುಖ ಯಾರದ್ದು ಗೊತ್ತಾ? ಸ್ವತಃ ರೆಂಬ್ರಾಂಟ್‌ನದ್ದು! ಆ ಹೆಂಗಸು ಅವನ ಹೆಂಡತಿ ಸಾಸ್ಕಿಯಾ. ಮದುವೆಯಾಗಿ ಆಗಿನ್ನೂ ಒಂದು ವರ್ಷ ಆಗಿತ್ತಷ್ಟೇ.

ಆಗ ಅವನಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ದೊಡ್ಡ ಹೆಸರು, ಕೈತುಂಬಾ ಕೆಲಸ. 1639ರಲ್ಲಿ 13,000 ಗಿಲ್ಡರ್‌ಗೆ ದೊಡ್ಡ ಮನೆ ಖರೀದಿಸಿದ, ಅದೂ ಕಂತಿನ ಮೇಲೆ. ನಮ್ಮಲ್ಲಿ ಅನೇಕರಿಗೆ ಈ ಭಾಗಕ್ಕೆ ವಿವರಣೆ ಬೇಕಾಗಿಲ್ಲ, ಅಲ್ವಾ? ಚಿಕ್ಕ ವಯಸ್ಸು, ಒಳ್ಳೇ ಸಂಬಳ, ಇಎಂಐ. ಎಲ್ಲವೂ ನಮ್ಮ ಕೈಯಲ್ಲೇ ಇದೆ ಅನಿಸುವ ಕಾಲ.

ಆಮೇಲೆ ಏನಾಯಿತು? ಅವರ ಮೊದಲ ಮೂರು ಮಕ್ಕಳು ಹಸುಗೂಸುಗಳಾಗಿದ್ದಾಗಲೇ ತೀರಿಹೋದರು. ನಾಲ್ಕನೆಯವನು ಟೈಟಸ್ ಬದುಕಿದ. ಆದರೆ 1642ರಲ್ಲಿ, ಆ ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ಸಾಸ್ಕಿಯಾ ತೀರಿಕೊಂಡಳು. 1656ರಲ್ಲಿ ಸಾಲ ತೀರಿಸಲಾಗದೆ ರೆಂಬ್ರಾಂಟ್ ದಿವಾಳಿಯಾದ. ನ್ಯಾಯಾಲಯದವರು ಮನೆಗೆ ಬಂದು ಇದ್ದದ್ದನ್ನೆಲ್ಲ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ 363 ನಮೂದುಗಳಿವೆ. ಕೊನೆಗೆ ಮನೆಯೂ ಹೋಯಿತು.

ಪ್ರಿಯರೇ, ಅವನು ಬರೀ ಪಾಪದ ಮನುಷ್ಯ, ಕಷ್ಟಕ್ಕೆ ಸಿಕ್ಕಿಬಿದ್ದ ಅಂತ ಹೇಳಿ ಮುಗಿಸಿದರೆ ಅದು ಸುಳ್ಳಾಗುತ್ತೆ. ಸಾಸ್ಕಿಯಾ ಹೋದ ಮೇಲೆ ಮಗುವನ್ನು ನೋಡಿಕೊಳ್ಳಲು ಬಂದ ಖೇರ್‌ಟ್ಯೆ ಎಂಬ ಹೆಂಗಸಿನ ಜೊತೆ ಅವನು ಬಾಳಿದ. ಆಮೇಲೆ ಸಂಬಂಧ ಮುರಿಯಿತು. ಮದುವೆಯಾಗುತ್ತೇನೆಂದು ಮಾತು ಕೊಟ್ಟು ತಪ್ಪಿದ ಅಂತ ಆಕೆ ದೂರು ಕೊಟ್ಟಳು. ಮುಂದೆ ಆಕೆಯನ್ನು ಖೌಡಾ ಊರಿನ ತಿದ್ದುಮನೆಗೆ ಹಾಕಿಸುವುದರಲ್ಲಿ ರೆಂಬ್ರಾಂಟ್‌ನ ಕೈಯಿತ್ತು. ಆಕೆ ವರ್ಷಗಟ್ಟಲೆ ಅಲ್ಲಿ ಬಂಧಿಯಾಗಿದ್ದಳು. ಇದು ದಾಖಲೆಯಲ್ಲಿದೆ. ಅವನಿಗೆ ನಷ್ಟವೂ ಆಯಿತು, ಅವನು ನಷ್ಟ ಮಾಡಿದವನೂ ಹೌದು. ನಮ್ಮಲ್ಲಿ ಎಷ್ಟು ಜನರ ಕಥೆ ಹೀಗೇ ಎರಡೂ ಸೇರಿದ್ದು!

ಈಗ ಎರಡನೇ ಚಿತ್ರಕ್ಕೆ ಬನ್ನಿ. ಸುಮಾರು 1668. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಎರಡೂವರೆ ಮೀಟರಿಗಿಂತ ಎತ್ತರದ ಚಿತ್ರ. ಅದೇ ಮಗ, ಆದರೆ ಗರಿ ಟೋಪಿ ಇಲ್ಲ, ತಲೆ ಬೋಳು. ಮೈಮೇಲೆ ಚಿಂದಿ. ಒಂದು ಕಾಲಿನ ಜೋಡು ಕಳಚಿ ಬಿದ್ದಿದೆ, ಇನ್ನೊಂದರ ಹಿಮ್ಮಡಿ ಸವೆದು ಹರಿದಿದೆ. ಮೊಣಕಾಲೂರಿ ತಂದೆಯ ಎದೆಗೆ ತಲೆಯಿಟ್ಟಿದ್ದಾನೆ. ಮುಖ ನಮಗೆ ಸರಿಯಾಗಿ ಕಾಣಿಸುವುದೇ ಇಲ್ಲ. ಮೊದಲ ಚಿತ್ರದಲ್ಲಿ ನಮ್ಮ ಕಡೆ ತಿರುಗಿ ನಗುತ್ತಿದ್ದ ಮಗ ಇಲ್ಲಿ ನಮಗೆ ಬೆನ್ನು ಹಾಕಿದ್ದಾನೆ. ಯಾಕೆಂದರೆ ಈಗ ಅವನಿಗೆ ನೋಡುವವರು ಬೇಕಾಗಿಲ್ಲ. ತಂದೆ ಸಾಕು. ಆಮೆನ್?

ಬೆಳಕು ಎಲ್ಲಿ ಬಿದ್ದಿದೆ? ತಂದೆಯ ಮುಖದ ಮೇಲೆ, ಮಗನ ಬೆನ್ನ ಮೇಲಿಟ್ಟ ಎರಡು ಕೈಗಳ ಮೇಲೆ. 1636ರಲ್ಲಿ ಇದೇ ಸಾಮ್ಯಕ್ಕೆ ರೆಂಬ್ರಾಂಟ್ ಒಂದು ಅಚ್ಚಿನ ಚಿತ್ರ ಮಾಡಿದ್ದ. ಅದರಲ್ಲಿ ತಂದೆ ಬೀಸುಹೆಜ್ಜೆ ಹಾಕಿ ಬಂದು ಬಾಗುತ್ತಾನೆ, ಎಲ್ಲ ಗಡಿಬಿಡಿ. ಈ ಕೊನೆಯ ಚಿತ್ರದಲ್ಲಿ ಓಟ ಮುಗಿದಿದೆ. ತಂದೆ ಸುಮ್ಮನೆ ಹಿಡಿದುಕೊಂಡಿದ್ದಾನೆ. ಬೈಯುವುದಿಲ್ಲ, ಲೆಕ್ಕ ಕೇಳುವುದಿಲ್ಲ.

20ನೇ ವಚನ ನೋಡಿ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಕಂಡು, ಕನಿಕರಪಟ್ಟು, ಓಡಿಬಂದು ಅಪ್ಪಿಕೊಂಡ. ಮಗ ಸಿದ್ಧ ಮಾಡಿಕೊಂಡು ಬಂದ ಮಾತು ಪೂರ್ತಿ ಹೇಳಲಿಕ್ಕೂ ಆಗಲಿಲ್ಲ. ಹೊಸ ನಿಲುವಂಗಿ, ಉಂಗುರ, ಕಾಲಿಗೆ ಜೋಡು, ಎಲ್ಲ ಬಂದದ್ದು ಅಪ್ಪಿಕೊಂಡ ಮೇಲೆ. ಈ ಕ್ರಮವನ್ನು ಗಮನಿಸಿ. ಮೊದಲು ಅಪ್ಪುಗೆ, ಆಮೇಲೆ ಜೋಡು.

ನಾವು ಇದನ್ನು ತಿರುಗುಮುರುಗು ಮಾಡುತ್ತೇವೆ. ನಮ್ಮ ಸಭೆಯಿಂದ ದೂರವಾದ ಯೌವನಸ್ಥರ ಜೊತೆ ಮಾತಾಡುವಾಗ ನಾನು ಹೆಚ್ಚು ಕೇಳುವ ಮಾತು ಇದೇ: ಪಾಸ್ಟರ್, ಮೊದಲು ಸ್ವಲ್ಪ ಸರಿಯಾಗ್ತೀನಿ, ಆಮೇಲೆ ಬರ್ತೀನಿ. ಸಾಲ ತೀರಲಿ. ಈ ಚಟ ಬಿಡಲಿ. ಈ ಸಂಬಂಧದಿಂದ ಹೊರಗೆ ಬರಲಿ. ಮೊದಲು ಜೋಡು ಕೊಂಡುಕೊಂಡು ಆಮೇಲೆ ಮನೆಗೆ ಬರ್ತೀನಿ ಅನ್ನುವ ಮಾತು ಇದು. ಹಂದಿ ಮೇಯಿಸುವವನಿಗೆ ಜೋಡು ಎಲ್ಲಿ ಸಿಗುತ್ತೆ ಹೇಳಿ? ಅದು ಇರುವುದು ತಂದೆಯ ಮನೆಯಲ್ಲಿ. ಹರಿದ ಜೋಡಿನಲ್ಲೇ ಬನ್ನಿ. ಬಂದ ಮೇಲೆ ಪವಿತ್ರಾತ್ಮನು ನಿಮ್ಮನ್ನು ಬದಲಾಯಿಸುತ್ತಾನೆ. ಹಲ್ಲೆಲೂಯಾ!

ಆದರೆ ಅಪ್ಪುಗೆ ಅಂದರೆ ಯಾರಿಗೆ ಅನ್ಯಾಯ ಮಾಡಿದೆವೋ ಅವರನ್ನು ಮರೆತುಬಿಡುವ ಅನುಮತಿ ಅಲ್ಲ. ನಾಲ್ಕು ಅಧ್ಯಾಯ ಮುಂದೆ ಹೋಗಿ. ಯೇಸು ಜಕ್ಕಾಯನ ಮನೆಗೆ ಮೊದಲು ಹೋದನು. ಆಮೇಲೆ ಜಕ್ಕಾಯನೇ ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದ. ಕೃಪೆ ಮೊದಲು ಬಂತು, ಲೆಕ್ಕ ತೀರಿಸುವ ಮನಸ್ಸು ಹಿಂದೆಯೇ ಬಂತು. ತಿದ್ದುಮನೆಯಲ್ಲಿದ್ದ ಆ ಹೆಂಗಸು ಕೂಡ ದೇವರ ಕಣ್ಣಿಗೆ ಮಗಳೇ. ನಿಮ್ಮ ಜೀವನದಲ್ಲಿ ಅಂಥವರು ಯಾರಾದರೂ ಇದ್ದರೆ ಈ ವಾರ ಅವರಿಗೆ ಒಂದು ಫೋನ್ ಮಾಡಿ. ವಿವರಣೆ ಬೇಡ. ಕ್ಷಮೆ ಕೇಳಿ, ಕೊಡಬೇಕಾದ್ದನ್ನು ಕೊಡಿ.

ಇನ್ನೊಬ್ಬ ವ್ಯಕ್ತಿ ಈ ಚಿತ್ರದಲ್ಲಿದ್ದಾನೆ. ಬಲಗಡೆ, ಕೆಂಪು ನಿಲುವಂಗಿ, ನೆಟ್ಟಗೆ ನಿಂತಿದ್ದಾನೆ, ಕೈಗಳನ್ನು ಒಂದರ ಮೇಲೊಂದು ಜೋಡಿಸಿ ಹಿಡಿದಿದ್ದಾನೆ. ಇವನನ್ನೇ ಹೆಚ್ಚಿನವರು ಹಿರಿಯ ಮಗ ಅಂತ ಗುರುತಿಸುತ್ತಾರೆ. ಲೂಕನಲ್ಲಿ ಆ ಹೊತ್ತಿಗೆ ಅವನು ಹೊಲದಲ್ಲಿದ್ದ. ರೆಂಬ್ರಾಂಟ್ ಅವನನ್ನು ಕರೆತಂದು ಎದುರಿಗೇ ನಿಲ್ಲಿಸಿದ. ತಂದೆಯ ಮೈಮೇಲಿನ ಕೆಂಪು ಅವನ ಮೈಮೇಲೂ ಇದೆ. ತಂದೆಯ ಕೈ ಚಾಚಿದೆ, ಅವನ ಕೈ ಚಾಚಿಲ್ಲ.

ರೆಂಬ್ರಾಂಟ್‌ಗೆ ಈ ಹಿರಿಯ ಅಣ್ಣನೂ ಗೊತ್ತಿತ್ತು. ಅವನ ಜೊತೆ ಬಾಳುತ್ತಿದ್ದ ಹೆಂಡ್ರಿಕ್ಯೆ ಗರ್ಭಿಣಿಯಾಗಿದ್ದಾಗ, 1654ರಲ್ಲಿ, ಸಭೆಯ ಹಿರಿಯರು ಅವಳನ್ನು ಕರೆಸಿ, ಕರ್ತನ ಭೋಜನದಿಂದ ದೂರವಿಟ್ಟರು. ಮದುವೆಯಿಲ್ಲದ ಬಾಳು ಸರಿ ಅಂತ ನಾನು ಹೇಳುವುದಿಲ್ಲ. ವಾಕ್ಯವೂ ಹೇಳುವುದಿಲ್ಲ. ಆದರೆ ಶಿಸ್ತು ಇರುವುದು ಮನೆಗೆ ಕರೆತರುವುದಕ್ಕೆ, ಹೊರಗೇ ನಿಲ್ಲಿಸುವುದಕ್ಕಲ್ಲ. ಯೇಸು ಈ ಸಾಮ್ಯ ಹೇಳಿದ್ದು ಯಾರಿಗೆ? ಪಾಪಿಗಳ ಜೊತೆ ಊಟ ಮಾಡ್ತಾನೆ ಅಂತ ಗೊಣಗಿದವರಿಗೆ. ಹಿರಿಯ ಮಗ ಒಳಗೆ ಹೋದನೋ ಇಲ್ಲವೋ ಅಂತ ಲೂಕ ಬರೆದಿಲ್ಲ. ಆ ಉತ್ತರ ನಮ್ಮದು.

ಮುಂದಿನ ಭಾನುವಾರ ಎಂಟು ತಿಂಗಳಿಂದ ಬರದ ಒಬ್ಬ ತಮ್ಮ ಬಾಗಿಲಲ್ಲಿ ನಿಂತರೆ, "ಇಷ್ಟು ದಿನ ಎಲ್ಲಿದ್ರಿ?" ಅಂತ ಕೇಳಬೇಡಿ. ಪಕ್ಕಕ್ಕೆ ಸರಿದು ಕುರ್ಚಿ ಕೊಡಿ. ಆರಾಧನೆ ಮುಗಿದ ಮೇಲೆ "ಊಟ ಆಯ್ತಾ, ಬಾ" ಅನ್ನಿ. ಸಾಕು.

1668ರಲ್ಲಿ ಟೈಟಸ್ ಕೂಡ ತೀರಿಕೊಂಡ, 26 ವರ್ಷಕ್ಕೆ. ಮುಂದಿನ ವರ್ಷ ಅಕ್ಟೋಬರ್ 4ರಂದು ರೆಂಬ್ರಾಂಟ್ ಹೋದ. ಗುರುತಿಲ್ಲದ ಬಾಡಿಗೆ ಸಮಾಧಿಯಲ್ಲಿ ಹೂಳಿದರು. ಅವನ ಹೃದಯದ ತೀರ್ಪು ನಮ್ಮ ಕೆಲಸವಲ್ಲ, ಕರ್ತನದ್ದು. ಆದರೆ ಎಲ್ಲ ಕಳಕೊಂಡ ಮುದುಕನೊಬ್ಬ ಕೊನೆಗೆ ಚಿತ್ರಿಸಲು ಆರಿಸಿಕೊಂಡದ್ದು ತಂದೆಯ ಕೈಗಳನ್ನು.

ತಲೆಬಾಗೋಣ. ಪರಲೋಕದ ತಂದೆಯೇ, ದೂರದಲ್ಲಿ ನಿಂತು ಇದನ್ನು ಓದುತ್ತಿರುವ ಮಗನನ್ನು, ಮಗಳನ್ನು ನೀನು ಆಗಲೇ ಕಂಡಿದ್ದೀ. ಬರುವ ಧೈರ್ಯ ಕೊಡು. ಒಳಗಿರುವ ನಮ್ಮ ಕೈಗಳನ್ನು ಬಿಡಿಸು, ಚಾಚುವಂತೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.