ಐದನೆಯ ನಿಮಿಷ

ಕನ್ನಡ ಪಾಠ ಹೇಳುವವನಿಗೆ ಗಣಕಯಂತ್ರದ ಒಳಗುಟ್ಟು ಏಕೆಂದು ಓದುಗರು ಕೇಳಬಹುದು. ಹಳೆಯ ಶಿಷ್ಯನೊಬ್ಬ ಹೇಳಿದ ಸಂಗತಿ ಕೆಲವು ದಿನಗಳಿಂದ ನನ್ನ ನೆಮ್ಮದಿಯನ್ನು ಕೆಡಿಸಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಉಂಟು. ಅದರ ತಿರುಳಾದ ಕರ್ನಲ್‌ಗೆ ಎರಡು ಬಗೆಯ ಕಾಲ ಬೇಕು. ಒಂದು, ನಮ್ಮ ನಿಮ್ಮ ಗಡಿಯಾರದ ಕಾಲ. 1970ರ ಜನವರಿ 1ರಿಂದ ಅದರ ಲೆಕ್ಕ. ತಪ್ಪಿದ್ದರೆ ಅದನ್ನು ಹಿಂದಕ್ಕೂ ತಿರುಗಿಸಬಹುದು. ಆದುದರಿಂದ “ಇನ್ನು ಹತ್ತು ಸೆಕೆಂಡಿಗೆ ಎಬ್ಬಿಸು” ಎನ್ನುವ ಟೈಮರಿಗೆ ಅದು ನಂಬಿಕೆಗೆ ತಕ್ಕದ್ದಲ್ಲ. ಟೈಮರಿಗೆಂದೇ ಬೇರೊಂದು ಎಣಿಕೆ ಇದೆ, ಹೆಸರು ಜಿಫಿ. ಸೆಕೆಂಡಿಗೆ ನೂರರಂತೆ ಎಣಿಸಿದರೆ, 32 ಬಿಟ್‌ಗಳಷ್ಟೇ ಜಾಗವಿರುವಲ್ಲಿ, ಸುಮಾರು 497 ದಿನಕ್ಕೆ ಅದು ತುಂಬಿ ಸೊನ್ನೆಗೆ ಮರಳುತ್ತದೆ. ದೊಡ್ಡ ಸಂಖ್ಯೆಯೆಂದರೆ ಮುಂದಿನ ಕಾಲವೆಂದು ನಂಬಿ ಬರೆದ ಟೈಮರ್ ಆಗ ದಾರಿ ತಪ್ಪುತ್ತದೆ. ಎರಡು ಸಂಖ್ಯೆಗಳ ಅಂತರವನ್ನು ನೋಡಿ ಬರೆದದ್ದು ಉಳಿಯುತ್ತದೆ.

ಇದಕ್ಕೆ ಅವರು ಹೂಡಿದ ಉಪಾಯ ನೋಡಿ. ಎಣಿಕೆಯನ್ನು ಸೊನ್ನೆಯಿಂದ ತೊಡಗುವುದೇ ಇಲ್ಲ. ತುಂಬಲು ಐದೇ ನಿಮಿಷ ಉಳಿದಿರುವ ಸಂಖ್ಯೆಯಿಂದ ತೊಡಗುತ್ತಾರೆ. ಹದಿನಾರು ತಿಂಗಳ ಮೇಲೆ ಬರಬೇಕಾದ ಆಪತ್ತು, ಬರೆದವನು ಇನ್ನೂ ಯಂತ್ರದ ಎದುರಿಗೇ ಕುಳಿತಿರುವಾಗ ಬಂದುಬಿಡುತ್ತದೆ.

“ಈಗತಾನೆ ಎಚ್ಚೆತ್ತ ಯಂತ್ರ ಮುದಿತನದ ಲೆಕ್ಕ ಹೇಳುವುದು ಸುಳ್ಳಲ್ಲವೇನಯ್ಯ?” ಎಂದೆ.

“ಇಲ್ಲ ಸಾರ್, ಆ ಎಣಿಕೆಯನ್ನು ಗಂಟೆ ಎಷ್ಟೆಂದು ಯಾರೂ ಕೇಳುವುದಿಲ್ಲ. ಎಷ್ಟು ಕಳೆಯಿತೆಂದು ಮಾತ್ರ ಕೇಳುತ್ತಾರೆ. ಅದನ್ನು ಸರಿಯಾಗಿಯೇ ಹೇಳುತ್ತದೆ” ಎಂದ. ಒಪ್ಪಿದೆ.

ಐದನೆಯ ನಿಮಿಷಕ್ಕೆ ಕೆಟ್ಟರೆ ಅದನ್ನು ತಪ್ಪು ಎನ್ನುತ್ತೇವೆ. 497ನೆಯ ದಿನ ಕೆಟ್ಟರೆ ಗ್ರಹಚಾರ ಎನ್ನುತ್ತೇವೆ. ತಪ್ಪು ಒಂದೇ. ದೂರವಿಟ್ಟದ್ದರಿಂದ ಅದಕ್ಕೆ ದೈವದ ಹೆಸರು ಬಂತು.

ಹಾಗೆಂದು ಎಲ್ಲ ಪರೀಕ್ಷೆಯನ್ನೂ ಮುಂಚೆಯೇ ಒಡ್ಡಬೇಕೆ? ತಾಳಿ ಕಟ್ಟಿದ ಐದನೆಯ ನಿಮಿಷಕ್ಕೆ ಹೆಂಡತಿಯ ತಾಳ್ಮೆಯನ್ನು ಪರೀಕ್ಷಿಸುವವನು ಮೂರ್ಖ. ಆದರೆ ಆ ಎಣಿಕೆ ತುಂಬುವುದು ನಿಶ್ಚಯ. ನಿಶ್ಚಯವಾಗಿ ಬರುವುದನ್ನು ಕೂಡ ನಾವು ಮುಂದೂಡುತ್ತೇವಲ್ಲ, ಅದಕ್ಕೇನು ಹೇಳೋಣ?

ತಂದೆಯವರಿದ್ದಾಗ ಮನೆಯ ಪಾಲಿನ ಮಾತನ್ನು ಅಣ್ಣನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರೀತಿ ಕೆಡಬಾರದೆಂದು ಸುಮ್ಮನಿದ್ದೇವೆಂದುಕೊಂಡೆ. ಈಗ ನೋಡಿದರೆ ನನ್ನದು ಬರಿಯ ಹೆದರಿಕೆ. ಅವರು ತೀರಿಕೊಂಡ ಮೇಲೆ ಮಾತು ಬಂತು. ಇತ್ಯರ್ಥ ಹೇಳಬೇಕಾದವರು ಇರಲಿಲ್ಲ. ಆರು ವರ್ಷವಾಯಿತು, ಕಳೆದ ದೀಪಾವಳಿಗೂ ಅಣ್ಣ ಕರೆಯಲಿಲ್ಲ. ನಾನೂ ಕರೆಯಲಿಲ್ಲ.