ಕಿವಿಗೆ ಬೀಳದ ಹಿಂಸೆ

ಹಿಂಸೆಯೆಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕತ್ತಿ, ಕೋಲು, ಬೆಂಕಿ, ವಿಷ ಮೊದಲಾದುವು. ಸ್ವಲ್ಪ ವಿಚಾರಪರರಾದವರು ಕಟುನುಡಿಯನ್ನೂ ಈ ಸಾಲಿಗೆ ಸೇರಿಸುವರು. ನುಡಿಯು ಮನಸ್ಸನ್ನು ಇರಿಯಬಲ್ಲುದೆಂಬುದನ್ನು ಶರಣರು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ನಡೆಯನ್ನು ಪರೀಕ್ಷಿಸಿದಷ್ಟೇ ಕಟ್ಟುನಿಟ್ಟಾಗಿ ನುಡಿಯನ್ನೂ ಪರೀಕ್ಷಿಸಿದರು. ಆದರೆ ಅರ್ಥವಿಲ್ಲದ, ದ್ವೇಷವಿಲ್ಲದ, ಯಾರನ್ನೂ ಉದ್ದೇಶಿಸದ ಬರಿಯ ಸದ್ದು ಹಿಂಸೆಯಾದೀತೆ? ಮಾಡಿದವನ ಕಿವಿಗೇ ಬೀಳದ ಸದ್ದಿಗೆ ಅವನು ಹೊಣೆಗಾರನಾದಾನೆ? ಈ ಪ್ರಶ್ನೆ ಬರಿಯ ತರ್ಕದ ವಿನೋದವೆಂದು ತೋರಬಹುದು. ಆದರೆ ನಮ್ಮ ನಾಡಿನ ಕಡಲ ನೀರಿನಲ್ಲಿಯೇ ಇದು ದಿನವೂ ಎದ್ದು ನಿಲ್ಲುತ್ತಿರುವ ಪ್ರಶ್ನೆಯಾಗಿದೆ.

ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ನಾವುಂದ ಕಡಲ ದಡದಲ್ಲಿರುವ ಗ್ರಾಮ. ಅದರ ದಕ್ಷಿಣಕ್ಕೆ ಮರವಂತೆ. ಅಲ್ಲಿ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ನಡುವೆ ಹೆದ್ದಾರಿ. ಮೂಕಾಂಬಿಕೆಯ ಕೊಲ್ಲೂರಿಗೆ ಹೋಗುವ ಯಾತ್ರಿಕರು ಇಲ್ಲಿ ಗಾಡಿ ನಿಲ್ಲಿಸಿ ಕಡಲಿನ ಮೊರೆತವನ್ನು ಕೇಳುತ್ತಾರೆ. ದಡದಲ್ಲಿ ನಿಂತವನಿಗೆ ಕೇಳಿಸುವುದು ಅಷ್ಟೇ: ಅಲೆಯೊಂದು ಒಡೆದ ಸದ್ದು, ಮತ್ತೊಂದು ಏಳುವ ಸದ್ದು. ನೀರಿನ ಮೇಲ್ಮೈಯೆಂಬುದು ಶಬ್ದಕ್ಕೆ ಒಂದು ಗೋಡೆಯಿದ್ದಂತೆ. ಒಳಗಿನ ಸದ್ದಿನಲ್ಲಿ ಹೊರಗೆ ಬರುವುದು ಅತ್ಯಲ್ಪ. ಆದುದರಿಂದ ಸಮುದ್ರದ ಒಳಗು ನಿಶ್ಶಬ್ದವಾದುದೆಂದು ಮಾನವನು ಬಹುಕಾಲ ನಂಬಿದ್ದನು.

ವಾಸ್ತವವು ಹಾಗಿಲ್ಲ. ಕರ್ನಾಟಕದ ಕರಾವಳಿಯುದ್ದಕ್ಕೂ ದಡಕ್ಕೆ ಸಮೀಪವಾದ ಆಳವಿಲ್ಲದ ನೀರಿನಲ್ಲಿ ಗೂನುಬೆನ್ನಿನ ಡಾಲ್ಫಿನ್ನುಗಳು ವಾಸಿಸುತ್ತವೆ. ಬೆನ್ನ ಮೇಲೆ ಈಜುರೆಕ್ಕೆಯೇ ಇಲ್ಲದ, ಡಾಲ್ಫಿನ್ನಿನ ದಾಯಾದಿಯಾದ ಇನ್ನೊಂದು ಚಿಕ್ಕ ಪ್ರಾಣಿಯೂ ಅವುಗಳ ನೆರೆಯಲ್ಲಿದೆ. ಇವು ಮೀನುಗಳಲ್ಲ, ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡಿಸುವ ಸಸ್ತನಿಗಳು. ಮಳೆಗಾಲದಲ್ಲಿ ಹೊಳೆಗಳು ಮಣ್ಣನ್ನು ಹೊತ್ತುತಂದು ಅಳಿವೆಯ ನೀರನ್ನು ಕದಡಿಬಿಡುತ್ತವೆ. ತಿಳಿಗಡಲಿನಲ್ಲಿಯೂ ಸೂರ್ಯನ ಬೆಳಕು 200 ಮೀಟರ್ ಆಳದ ಕೆಳಗೆ ಹೆಚ್ಚು ಇಳಿಯಲಾರದು. ಇಂಥಲ್ಲಿ ಕಣ್ಣನ್ನು ನಂಬಿ ಬಾಳುವುದೆಂತು? ಸೃಷ್ಟಿಯು ಅವುಗಳಿಗೆ ಶಬ್ದವನ್ನೇ ಕಣ್ಣಾಗಿ ಕೊಟ್ಟಿದೆ.

ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಕಡಲ ನೀರಿನಲ್ಲಿ ಸುಮಾರು 1500 ಮೀಟರ್ ಸಾಗುತ್ತದೆ. ಡಾಲ್ಫಿನ್ನು ತನ್ನ ಮೂಗಿನ ನಾಳದೊಳಗೆ ಕಿಟಕಿಟನೆ ಸದ್ದನ್ನು ಹುಟ್ಟಿಸಿ, ಹಣೆಯ ಕೊಬ್ಬಿನ ಮೂಲಕ ಅದನ್ನು ಒಂದುಗೂಡಿಸಿ ಮುಂದಕ್ಕೆ ಕಳುಹುತ್ತದೆ. ಮೀನಿಗೋ ಬಂಡೆಗೋ ತಾಗಿ ಮರಳಿದ ಪ್ರತಿಧ್ವನಿಯನ್ನು ಕೆಳದವಡೆಯಿಂದ ಸ್ವೀಕರಿಸಿ ಒಳಕಿವಿಗೆ ಮುಟ್ಟಿಸುತ್ತದೆ. ವಸ್ತುವಿನ ದೂರ, ಗಾತ್ರ, ಚಲನೆಗಳೆಲ್ಲ ಅದಕ್ಕೆ ಹೀಗೆಯೇ ಗೊತ್ತಾಗುತ್ತವೆ. ರೆಕ್ಕೆಯಿಲ್ಲದ ಆ ಚಿಕ್ಕ ಪ್ರಾಣಿಯ ಸದ್ದಿನಲ್ಲಿ ಸೆಕೆಂಡಿಗೆ 1 ಲಕ್ಷಕ್ಕೂ ಮಿಕ್ಕ ಕಂಪನಗಳಿರುತ್ತವೆ. ಮಾನವನ ಕಿವಿಯಾದರೋ 20 ಸಾವಿರದ ಆಚೆಗೆ ಕಿವುಡು. ನಮ್ಮ ದಡದಲ್ಲಿಯೇ ಬಾಳುತ್ತಿರುವ ಜೀವವೊಂದರ ದನಿಯನ್ನು ಯಂತ್ರದ ನೆರವಿಲ್ಲದೆ ಯಾವ ಮನುಷ್ಯನೂ ಕೇಳಿದ್ದಿಲ್ಲ, ಕೇಳುವಂತೆಯೂ ಇಲ್ಲ.

ಶಬ್ದವು ಅವುಗಳಿಗೆ ಬಂಧುತ್ವದ ಸೂತ್ರವೂ ಹೌದು. ಸೀಸೆಮೂತಿಯ ಡಾಲ್ಫಿನ್ನುಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಶಿಳ್ಳಿನ ಗುರುತುಂಟೆಂದೂ, ಆ ಶಿಳ್ಳನ್ನು ಕೇಳಿಸಿದಾಗ ಅದು ಹೆಸರು ಹಿಡಿದು ಕರೆದಂತೆ ಓಗೊಡುವುದೆಂದೂ 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಗೂನುಬೆನ್ನಿನ ತಿಮಿಂಗಿಲದ ಗಂಡುಗಳು ದೀರ್ಘವಾದ ಹಾಡನ್ನು ಕ್ರಮ ತಪ್ಪದೆ ಮತ್ತೆ ಮತ್ತೆ ಹಾಡುವುದನ್ನು ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ಎಂಬವರು 1971ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಪಶ್ಚಿಮಕ್ಕಿರುವ ಲಕ್ಷದ್ವೀಪದ ನೀರಿನಲ್ಲಿ ನೀಲಿ ತಿಮಿಂಗಿಲದ ಹಾಡು ದಾಖಲಾದ ವಿಷಯವು 2021ರಲ್ಲಿ ಪ್ರಕಟವಾಯಿತು. ಆ ಮಂದ್ರಸ್ವರವು ನೀರಿನಲ್ಲಿ ನೂರಾರು ಕಿಲೋಮೀಟರ್ ದೂರ ಹೋಗಬಲ್ಲುದು.

ಇಂಥ ಲೋಕಕ್ಕೆ ನಾವು ಯಂತ್ರದ ಸದ್ದನ್ನು ತಂದಿದ್ದೇವೆ. ದೊಡ್ಡ ಹಡಗಿನ ಚಾಲಕಚಕ್ರವು ತಿರುಗುವಾಗ ನೀರಿನಲ್ಲಿ ಅಸಂಖ್ಯಾತ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಅದರ ಗುಡುಗು ತಿಮಿಂಗಿಲಗಳ ಸ್ವರವಿರುವ ಮಂದ್ರಸ್ಥಾಯಿಯಲ್ಲಿಯೇ ಹರಡುತ್ತದೆ. ತೈಲವನ್ನು ಹುಡುಕುವ ನೌಕೆಗಳು ಗಾಳಿಯ ಫಿರಂಗಿಗಳನ್ನು ಹತ್ತು ಹದಿನೈದು ಸೆಕೆಂಡುಗಳಿಗೊಮ್ಮೆ ಹಗಲಿರುಳೂ ಸಿಡಿಸುತ್ತವೆ. ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ಯುದ್ಧನೌಕೆಗಳು ತೀಕ್ಷ್ಣ ಧ್ವನಿಯನ್ನು ಬಿಡುತ್ತವೆ. 2000ದ ಮಾರ್ಚಿಯಲ್ಲಿ ಬಹಾಮಾ ದ್ವೀಪಗಳ ದಡಕ್ಕೆ 17 ತಿಮಿಂಗಿಲ, ಡಾಲ್ಫಿನ್ನುಗಳು ಬಂದು ಬಿದ್ದವು. ಅದಕ್ಕೆ ತನ್ನ ಹಡಗುಗಳ ಧ್ವನಿಯಂತ್ರವೇ ಕಾರಣವಿರಬೇಕೆಂದು ಅಮೆರಿಕದ ನೌಕಾಪಡೆಯೂ ಮುಂದಿನ ವರ್ಷದ ವರದಿಯಲ್ಲಿ ಒಪ್ಪಿಕೊಂಡಿತು. ಇವು ಕಣ್ಣಿಗೆ ಕಾಣುವ ಸಾವುಗಳು. ಕಾಣದ ಕಷ್ಟವು ಇನ್ನೂ ವಿಸ್ತಾರವಾದುದು: ಕರೆ ಕೇಳಿಸದು, ಬೇಟೆ ತಪ್ಪುವುದು. ಸುತ್ತಣ ಗದ್ದಲವು ಏರಿದಷ್ಟೂ ತಾವೂ ದನಿಯೇರಿಸಿ ಕೂಗಬೇಕಾಗುವುದೆಂಬುದು ಅಮೆರಿಕದ ಪಡುಗರೆಯ ಕೊಲೆಗಾರ ತಿಮಿಂಗಿಲಗಳಲ್ಲಿ ಕಂಡುಬಂದಿದೆ. ಸಂತೆಯ ಗದ್ದಲದಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಅವಸ್ಥೆಯನ್ನು ನೆನೆದರೆ ಇದರ ಅರ್ಥ ತಿಳಿದೀತು.

ಇಲ್ಲಿ ಮೂರು ಆಕ್ಷೇಪಗಳು ಹುಟ್ಟುವುವು. ಸಮುದ್ರವೇ ಸ್ವಭಾವತಃ ಗದ್ದಲದ್ದಲ್ಲವೆ ಎಂಬುದು ಮೊದಲನೆಯದು. ಅಹುದು, ಆಷಾಢದ ಗಾಳಿ, ಮಳೆ, ಅಲೆಗಳ ಸದ್ದು ಅಪಾರವಾದುದು. ಆದರೆ ಆ ಜೀವಿಗಳು ಲಕ್ಷಾಂತರ ವರ್ಷ ಆ ಸದ್ದಿನೊಡನೆಯೇ ಬೆಳೆದು ಅದಕ್ಕೆ ಒಗ್ಗಿಕೊಂಡಿವೆ. ಹಡಗಿನ ಯಂತ್ರವು ನೀರಿಗಿಳಿದು ಇನ್ನೂ ಇನ್ನೂರು ವರ್ಷಗಳಷ್ಟೇ ಆಗಿವೆ.

ಎರಡನೆಯದು ಕಾಯಕದ ಪ್ರಶ್ನೆ. ನಾಡದೋಣಿಗೆ ಯಂತ್ರ ಕಟ್ಟಿ ಹೊಟ್ಟೆ ಹೊರೆಯುವ ಮೀನುಗಾರನನ್ನು ಹಿಂಸಕನೆನ್ನುವುದು ನ್ಯಾಯವೆ? ಎನ್ನಲಾಗದು. ಹೊಣೆಯನ್ನು ಸದ್ದಿನ ಪ್ರಮಾಣಕ್ಕೆ, ಲಾಭದ ಪ್ರಮಾಣಕ್ಕೆ ತಕ್ಕಂತೆ ಹಂಚತಕ್ಕದ್ದು. ಡಾಲ್ಫಿನ್ನುಗಳಿಗೆ ಬಲೆಯೂ ದೊಡ್ಡ ಅಪಾಯವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನು ದಡಕ್ಕೆಳೆದು ಕೂರುವ ಕಟ್ಟಳೆಯನ್ನು ನಮ್ಮ ಕರಾವಳಿಯು ಪಾಲಿಸುತ್ತಿದೆ. ಮೀನಿನ ಸಂತಾನ ಉಳಿಯಲೆಂದು ವರ್ಷಕ್ಕೆ 61 ದಿನ ಗಳಿಕೆಯನ್ನು ಬಿಡಬಲ್ಲವರಿಗೆ ಸಂಯಮವನ್ನು ಹೊಸದಾಗಿ ಬೋಧಿಸಬೇಕಿಲ್ಲ. ಕೇಳಬೇಕಾದುದು ಒಳನಾಡಿನ ಗೃಹಸ್ಥರನ್ನು. ನಮ್ಮ ಅಡುಗೆಮನೆಯ ಅನಿಲ, ತಾಳೆಯೆಣ್ಣೆಗಳಲ್ಲಿ ಎಷ್ಟೋ ಪಾಲು ಸಮುದ್ರವನ್ನು ದಾಟಿ ನವಮಂಗಳೂರಿನಂಥ ಬಂದರುಗಳಲ್ಲಿ ಇಳಿದುದು. ಕಡಲನ್ನೇ ಕಾಣದವನ ಒಲೆಯ ಉರಿಗೂ ಹಡಗಿನ ಗುಡುಗಿಗೂ ನಂಟಿದೆ. ದಾಸೋಹವನ್ನು ಬಲ್ಲವನು ತಾನು ಉಣ್ಣುವ ಅನ್ನವು ಯಾರ ಯಾರ ಶ್ರಮದಿಂದ ಬಂದಿತೆಂದು ನೆನೆಯುವನು. ಯಾರ ಯಾರ ಕಷ್ಟದಿಂದ ಬಂದಿತೆಂಬುದನ್ನೂ ನೆನೆಯುವುದು ಅದರ ಮುಂದಿನ ಹೆಜ್ಜೆಯಾಗಿದೆ.

ಮೂರನೆಯದೇ ಮುಖ್ಯವಾದುದು: ಉದ್ದೇಶವಿಲ್ಲದಲ್ಲಿ ದೋಷವುಂಟೆ? ಕತ್ತಲೆಯಲ್ಲಿ ಅರಿಯದೆ ಹುಳುವನ್ನು ತುಳಿದವನನ್ನು ಯಾರೂ ನಿಂದಿಸರು. ಆದರೆ ಕೈಯಲ್ಲಿ ದೀಪ ಬಂದ ಮೇಲೂ ಮೊದಲಿನಂತೆಯೇ ಕಾಲಿಡುವವನು, ಮನಸ್ಸಿನಲ್ಲಿ ದ್ವೇಷವಿರಲಿಲ್ಲವೆಂದು ಹೇಳಿ ಪಾರಾಗಲಾರನು. ಅರಿವು ಬಂದೊಡನೆ ಅದು ಆಚಾರವನ್ನು ಬೇಡುತ್ತದೆ. ಆಚಾರಕ್ಕಿಳಿಯದ ಅರಿವು ಹೊರೆಯಾಗುತ್ತದೆ. ಯಾವ ಜೀವದ ನರಳಿಕೆ ಕೇಳಿಸುವುದೋ ಅದಕ್ಕೆ ಮಾತ್ರ ದಯೆ ತೋರಿದರೆ, ಆ ದಯೆಯ ಎಲ್ಲೆಯನ್ನು ನಮ್ಮ ಕಿವಿಯು ನಿರ್ಣಯಿಸಿದಂತಾಯಿತೇ ಹೊರತು ಧರ್ಮವಲ್ಲ.

ಈ ವಿಷಯದಲ್ಲಿ ನಿರಾಶೆಗೆ ಕಾರಣವಿಲ್ಲ. ನೀರಿಗೆ ಸುರಿದ ವಿಷವು ತಲೆಮಾರುಗಳವರೆಗೆ ಉಳಿಯಬಹುದು. ಸದ್ದಾದರೋ ನಿಲ್ಲಿಸಿದ ಗಳಿಗೆಯಲ್ಲಿಯೇ ಇಲ್ಲವಾಗುತ್ತದೆ. 2001ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ದಾಳಿ ನಡೆದ ಬಳಿಕ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟವು ಇಳಿಯಿತು; ಆ ದಿನಗಳಲ್ಲಿ ಅಲ್ಲಿಯ ತಿಮಿಂಗಿಲಗಳ ದೇಹದಲ್ಲಿ ಕಳವಳವನ್ನು ಸೂಚಿಸುವ ರಸಗಳೂ ತಗ್ಗಿದ್ದುವೆಂದು 2012ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಕೆನರಿ ದ್ವೀಪಗಳ ಸುತ್ತ ಯುದ್ಧನೌಕೆಗಳ ಧ್ವನಿಯಂತ್ರವನ್ನು ಸ್ಪೇನ್ ಸರಕಾರವು 2004ರಲ್ಲಿ ತಡೆಯಿತು. ಆಮೇಲೆ ಅಲ್ಲಿ ತಿಮಿಂಗಿಲಗಳ ಅಂಥ ಸಾಮೂಹಿಕ ಮರಣ ನಡೆಯಲಿಲ್ಲವೆಂದು 2013ರಲ್ಲಿ ವಿಜ್ಞಾನಿಗಳು ಬರೆದರು. ಹಡಗಿನ ವೇಗವನ್ನು ತಗ್ಗಿಸಿದರೆ, ಚಾಲಕಚಕ್ರವನ್ನು ಸುಧಾರಿಸಿದರೆ ಸದ್ದು ಬಹುಪಾಲು ಇಳಿಯುವುದು. ಅಂತರರಾಷ್ಟ್ರೀಯ ನೌಕಾಯಾನ ಸಂಸ್ಥೆಯು 2014ರಲ್ಲಿ ಇಂಥ ಸೂಚನೆಗಳನ್ನು ಕೊಟ್ಟು 2023ರಲ್ಲಿ ಅವನ್ನು ಪರಿಷ್ಕರಿಸಿತು. ಆದರೆ ಅವು ಕಡ್ಡಾಯವಲ್ಲ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತಿಮಿಂಗಿಲ, ಡಾಲ್ಫಿನ್ನುಗಳನ್ನು ಮೊದಲನೆಯ ಅನುಸೂಚಿಯಲ್ಲಿಟ್ಟು ಕಾಪಾಡುತ್ತಿದೆ. ಆ ಕಾಯಿದೆಯು ಪ್ರಾಣವನ್ನು ಕಾಯುವಂತೆ, ಅವು ಒಂದನ್ನೊಂದು ಕೇಳಿಸಿಕೊಳ್ಳುವ ನೀರನ್ನೂ ಕಾಯಬೇಕೆಂದು ಕೇಳುವುದು ಪ್ರಜೆಗಳಾದ ನಮ್ಮ ಕೆಲಸ.

ಗೃಹಸ್ಥರು ಮನೆಯಲ್ಲಿ ಮಲಗಿರುವ ರೋಗಿಗಾಗಿ, ಓದುವ ಮಗುವಿಗಾಗಿ ದನಿ ತಗ್ಗಿಸಿ ಮಾತನಾಡುವುದನ್ನು ಬಲ್ಲರು. ಅದನ್ನು ಯಾರೂ ದೊಡ್ಡ ತ್ಯಾಗವೆನ್ನುವುದಿಲ್ಲ. ಇನ್ನೊಬ್ಬರು ಇದ್ದಾರೆಂಬ ಎಚ್ಚರವದು. ನಾವುಂದದ ಕಡಲಿನಲ್ಲಿಯೂ ಇನ್ನೊಬ್ಬರಿದ್ದಾರೆ.