ಬೀಳದ ಹಿಮ

ನಮ್ಮ ತಳಿ ಸೀಮೆಗೆ ಚಳಿ ಹೊಸದಲ್ಲ. ಬ್ರಿಟಿಷರು ಇದನ್ನು ‘ಲಿಟ್ಲ್ ಇಂಗ್ಲೆಂಡ್’ ಅಂತ ಕರೆದಿದ್ದರು ಅನ್ನೋದನ್ನ ಇಲ್ಲಿನ ಮಕ್ಕಳೂ ಹೇಳುತ್ತವೆ. ಧನುರ್ಮಾಸ ಬಂತೆಂದರೆ ಬೆಳಗಿನ ಎಂಟು ಗಂಟೆಯಾದರೂ ಎದುರಿಗೆ ಬರುವವರ ಮುಖ ಕಾಣುವುದಿಲ್ಲ. ಇಬ್ಬನಿ ಬಿದ್ದಷ್ಟೂ ಅವರೆಕಾಯಿಗೆ ಸೊಗಡು ಅಂತ ಹಿರಿಯರು ಸಂತೋಷಪಡುತ್ತಾರೆ. ಆದರೆ ಹಿಮ? ಅದನ್ನು ನಾವು ಸಿನಿಮಾದಲ್ಲಿ ನೋಡಿದ್ದೇ ಹೊರತು ಕಣ್ಣಾರೆ ಕಂಡಿದ್ದಿಲ್ಲ.

ಕೆಲವು ವರ್ಷಗಳ ಹಿಂದೆ, ಇದೇ ಧನುರ್ಮಾಸದಲ್ಲಿ, ನಮ್ಮೂರಿಗೆ ಹಿಮ ಬೀಳುತ್ತದೆ ಅಂತ ಸುದ್ದಿಯಾಯಿತು. ಸುದ್ದಿ ಹುಟ್ಟಿದ್ದು ಟೀ ಅಂಗಡಿಯಲ್ಲಿ. ತಮಿಳು ಟೀವಿಯವರು ನೀಲಗಿರಿಯಲ್ಲಿ ‘ಉರೈಪನಿ’, ಉಳಿದ ಕಡೆ ‘ಮೂಡುಪನಿ’ ಅಂತ ಹವಾಮಾನ ಓದುತ್ತಿದ್ದರು. ಮೊದಲನೆಯದು ಹುಲ್ಲಿನ ಮೇಲೆ ಹೆಪ್ಪುಗಟ್ಟುವ ಇಬ್ಬನಿ, ಎರಡನೆಯದು ಬರೀ ಕಾವಳ. ತಮಿಳಿನಲ್ಲಿ ಇಬ್ಬನಿಗೂ ಪನಿ, ಮಂಜಿಗೂ ಪನಿ, ಹಿಮಕ್ಕೂ ಪನಿ. ನಮ್ಮ ‘ಇಬ್ಬನಿ’ಯ ಕೊನೆಯಲ್ಲಿ ಕೂತಿರೋದೂ ಅದೇ ‘ಪನಿ’. ಮೂರು ಭಾಷೆ ಕಲೆಸಿ ಮಾತಾಡುವ ಊರು ನಮ್ಮದು. ಟೀ ಲೋಟ ಹಿಡಿದಿದ್ದ ಹುಡುಗನೊಬ್ಬ ಪನಿಯನ್ನ ಹಿಮ ಮಾಡಿ ಕನ್ನಡಕ್ಕೆ ಇಳಿಸಿದ. ಸಂಜೆಯ ಹೊತ್ತಿಗೆ ಅದು ಎಲ್ಲರ ಮೊಬೈಲಿನಲ್ಲಿತ್ತು, ಯಾವುದೋ ಕಾಶ್ಮೀರದ ಫೋಟೋ ಸಮೇತ.

ಊರು ಹೇಗೆ ಎದ್ದು ಕೂತಿತು ಅಂತೀರಿ! ಸ್ಕೂಲಿಗೆ ರಜಾ ಕೊಡ್ತಾರಾ ಅಂತ ಮಕ್ಕಳು. ಬೆಳಗಿನ ಜಾವಕ್ಕೇ ಎದ್ದು ರೀಲ್ಸ್ ಮಾಡೋಣ ಅಂತ ಹುಡುಗರು. ಅಂಗಡಿಯಲ್ಲಿ ಮಂಕಿ ಟೋಪಿಗೆ ಒಂದೇ ಸಂಜೆಗೆ ಇಪ್ಪತ್ತು ರೂಪಾಯಿ ಏರಿತು. ಟೊಮೇಟೊ ಪೈರು ಹಾಕಿದ್ದವರು ಮಾತ್ರ ಸುಮ್ಮನಾದರು. ಅದುವರೆಗೂ ಅವರ ಮುಖದ ಕಡೆ ಯಾರೂ ನೋಡಿರಲಿಲ್ಲ.

ನಾನು ವಾಚನಾಲಯದ ಜಗಲಿಯಲ್ಲಿ ಕೂತು ಸೇರಿದವರಿಗೆಲ್ಲ ಪಾಠ ಮಾಡಿದೆ. ನಮ್ಮ ಅಕ್ಷಾಂಶದಲ್ಲಿ ಗಾಳಿ ಸೊನ್ನೆ ಡಿಗ್ರಿಗೆ ಇಳಿಯಬೇಕಾದರೆ ಸುಮಾರು ನಾಲ್ಕೂವರೆ ಐದು ಕಿಲೋಮೀಟರ್ ಮೇಲಕ್ಕೆ ಹೋಗಬೇಕು. ಹೊಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಮೋಡದಲ್ಲಿ ಹಿಮ ಹುಟ್ಟಿದರೂ ಇಲ್ಲಿಗೆ ಬರುವಷ್ಟರಲ್ಲಿ ಕರಗಿ ಮಳೆಯಾಗುತ್ತದೆ. ಪಕ್ಕದ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೇಸಿಗೆಯಲ್ಲಿ ಬೀಳುವ ಆಲಿಕಲ್ಲು ಸೆಕೆಯ ಕೂಸು. ಬಿಸಿಗಾಳಿ ಜೋರಾಗಿ ಮೇಲೆದ್ದು ನೀರ ಹನಿಯನ್ನ ಆ ತಣ್ಣನೆಯ ಎತ್ತರಕ್ಕೆ ಒಯ್ದಾಗ ಆಗುವಂಥದ್ದು. ಇಷ್ಟೆಲ್ಲ ಹೇಳಿದೆ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಎಲ್ಲರೂ ತಲೆದೂಗಿದರು. ನನಗೂ ಹೆಮ್ಮೆಯಾಯಿತು.

ಮನೆಗೆ ಹೋಗುವಾಗ ನಮ್ಮ ಬೀದಿಯ ಅಜ್ಜಿಯೊಬ್ಬರು ಎದುರಾದರು. ಹೆಗಲ ಮೇಲೆ ಎರಡು ಹಳೇ ಕಂಬಳಿ, ಕಂಕುಳಲ್ಲಿ ಗೋಣಿಚೀಲ.

“ಎಲ್ಲಿಗಜ್ಜಿ ಈ ಹೊತ್ತಲ್ಲಿ?”

“ಕೆರೆ ಪಕ್ಕದ ಲೇಔಟಿಗಪ್ಪ. ಆ ಶೆಡ್ಡಲ್ಲಿ ಬಿಹಾರದೋರೋ ಎಲ್ಲೀಯೋರೋ ಅವ್ರಲ್ಲ, ಒಂದು ಎಳೇ ಮಗಾನೂ ಐತೆ. ಹಿಮ ಬೀಳ್ತದಂತೆ.”

ನಾನು ನಕ್ಕೆ. “ಹಿಮಾನೂ ಇಲ್ಲ ಏನೂ ಇಲ್ಲ. ಸುಳ್ಳು ಸುದ್ದಿ. ಹೋಗಿ ಮಲಕ್ಕಳಿ.”

“ಬೀಳ್ದೇ ಇದ್ರೆ ಒಳ್ಳೇದೇ ಆಯ್ತಲ್ಲ. ಚಳಿ ಅಂತೂ ಐತಲ್ಲಪ್ಪ,” ಅಂದು ಅಜ್ಜಿ ಕೆರೆ ಕಡೆ ನಡೆದರು.

ಬೆಳಗ್ಗೆ ಹಿಮ ಬಿದ್ದಿರಲಿಲ್ಲ. ಟೀವಿಯವರನ್ನೂ, ಆ ಹುಡುಗನನ್ನೂ ಊರು ಮನಸಾರೆ ಬೈದು ನಕ್ಕಿತು. ನಾನು ಬಸ್ಸಿಗೆ ಹೋಗುತ್ತಾ ಶೆಡ್ಡಿನ ಕಡೆ ನೋಡಿದೆ. ತಗಡಿನ ಗೋಡೆ, ಕೆಳಗೆ ಒಂದು ಅಡಿ ಸಂದು. ಒಲೆಯ ಮುಂದೆ ಹೆಂಗಸೊಬ್ಬಳು ಮಗುವನ್ನ ಅಜ್ಜಿಯ ಕಂಬಳಿಯಲ್ಲಿ ಸುತ್ತಿ ಕೂತಿದ್ದಳು. ಸಂದಿಗೆ ಗೋಣಿಚೀಲ ತುರುಕಿದ್ದರು. ಆ ದಾರಿಯಲ್ಲಿ ನಾನು ಎರಡು ತಿಂಗಳಿಂದ ದಿನಾ ಓಡಾಡಿದ್ದೆ. ಆ ಸಂದು ನನ್ನ ಕಣ್ಣಿಗೆ ಬಿದ್ದಿದ್ದು ಅವತ್ತೇ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನ ಬಿಟ್ಟಿಲ್ಲ. ನನ್ನ ತಿಳಿವಳಿಕೆ ಸರಿಯಿತ್ತು, ಅಜ್ಜಿಯದು ತಪ್ಪಿತ್ತು. ಆದರೆ ಆ ರಾತ್ರಿ ಮಾಡಬೇಕಾದ್ದನ್ನ ಮಾಡಿದವರು ಯಾರು?

ಹಾಗಂತ ಸುಳ್ಳು ಸುದ್ದಿಯೇ ವಾಸಿ ಅಂತ ನಾನು ಹೇಳುತ್ತಿಲ್ಲ. ಸುಳ್ಳಿಗೆ ಬೆಲೆ ತೆರಲೇಬೇಕು. ನಾಲ್ಕು ಸಲ ‘ಹುಲಿ ಬಂತು’ ಅಂದರೆ ಐದನೇ ಸಲ ಯಾರೂ ಓಡಿಬರುವುದಿಲ್ಲ. ಬಿಸಿನಾಡಿನವರಾದ ನಾವು ಹವಾಮಾನ ವರದಿಯನ್ನ ಹೇಗೂ ಅರ್ಧ ತಮಾಷೆಯಾಗಿಯೇ ಕೇಳೋರು. “ಮಳೆ ಅಂದ್ರಾ? ಹಂಗಾದ್ರೆ ಬಟ್ಟೆ ಒಣಗಾಕು” ಅನ್ನೋದು ನಮ್ಮ ಮನೆಮನೆಯ ಜೋಕು. ಅದರಲ್ಲೂ ನಮಗೆ ಅಭ್ಯಾಸವಿಲ್ಲದ ವಿಪತ್ತಿನ ಮಾತು ಬಂದರೆ ಒಂದೋ ಜಾತ್ರೆ ಮಾಡುತ್ತೇವೆ, ಇಲ್ಲವೋ ‘ಅದು ನಮಗಲ್ಲ’ ಅಂತ ಪಕ್ಕಕ್ಕಿಡುತ್ತೇವೆ.

ಇದು ನಮ್ಮೂರಿನವರ ಗುಣ ಮಾತ್ರ ಅಲ್ಲ. ಅಮೆರಿಕದ ಟೆಕ್ಸಾಸ್ ನಮ್ಮಂತೆಯೇ ಬಿಸಿಲಿನ ಸೀಮೆ. ನಮ್ಮ ಕನ್ನಡದವರೂ ಅಲ್ಲಿ ಬಹಳ ಜನ ಇದ್ದಾರೆ. 2021ರ ಫೆಬ್ರುವರಿಯಲ್ಲಿ ಅಲ್ಲಿಗೆ ನಿಜವಾಗಿಯೂ ಹಿಮ ಬಂತು. ಬರುತ್ತದೆ ಅಂತ ದಿನಗಳ ಮೊದಲೇ ಹೇಳಿದ್ದರು. ಜನ ಅಂಗಡಿಗೆ ನುಗ್ಗಿ ಬ್ರೆಡ್ಡು ಹಾಲು ಖಾಲಿ ಮಾಡಿದರು. ಆದರೆ ಆ ಸೀಮೆಯ ಮನೆ, ನೀರಿನ ಪೈಪು, ಕರೆಂಟಿನ ಸ್ಥಾವರ ಎಲ್ಲವೂ ಸೆಕೆಗೆ ಅಂತ ಕಟ್ಟಿದ್ದವು. ಹತ್ತು ವರ್ಷದ ಹಿಂದೆ, 2011ರಲ್ಲಿ, ಇಂಥದೇ ಚಳಿ ಬಂದು ಕರೆಂಟು ಕೈಕೊಟ್ಟಾಗ ಸ್ಥಾವರಗಳನ್ನ ಚಳಿಗೆ ಸಜ್ಜು ಮಾಡಿ ಅಂತ ತಿಳಿದವರು ಸಲಹೆ ಕೊಟ್ಟಿದ್ದರು. ಎಂದೋ ಒಮ್ಮೆ ಬರುವ ಚಳಿಗೆ ಹಣ ಸುರಿಯೋರು ಯಾರು? ಸಲಹೆ ಬಹುಪಾಲು ಕಾಗದದಲ್ಲೇ ಉಳಿಯಿತು. 2021ರಲ್ಲಿ ಲಕ್ಷಾಂತರ ಮನೆಗಳು ಕತ್ತಲಾದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ದಿನಾ ಹಿಮ ಕಾಣುವ ನಾಡಿನವರಿಗೆ ‘ಇಷ್ಟು ಚಳಿಗೇನಾ’ ಅನ್ನಿಸಬಹುದು. ಆದರೆ ಚಳಿ ಎಷ್ಟು ಡಿಗ್ರಿ ಅನ್ನೋದರ ಜೊತೆಗೆ, ಅದು ಬಿದ್ದ ಮೈಮೇಲೆ ಏನು ಹೊದಿಕೆ ಇತ್ತು ಅನ್ನೋದನ್ನೂ ಕೇಳಬೇಕಲ್ಲವೇ?

ಅಷ್ಟು ದೂರ ಯಾಕೆ, ನಮ್ಮ ಕೃಷ್ಣಗಿರಿ ಜಿಲ್ಲೆಯನ್ನೇ ನೋಡಿ. 2024ರ ನವೆಂಬರ್ ಕೊನೆಯಲ್ಲಿ ‘ಫೆಂಗಲ್’ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತು. ಸಮುದ್ರದವರ ಕಷ್ಟ ಅಂತ ನಾವು ಟೀವಿ ನೋಡುತ್ತಾ ಕೂತಿದ್ದೆವು. ಅದೇ ಮಳೆ ಒಳನಾಡಿಗೆ ನಡೆದು ಬಂದು ಊತ್ತಂಗರೈಯಲ್ಲಿ ಒಂದೇ ದಿನಕ್ಕೆ ಸುಮಾರು 50 ಸೆಂಟಿಮೀಟರ್ ಸುರಿಯಿತು. ರಸ್ತೆ ಬದಿ ನಿಲ್ಲಿಸಿದ್ದ ವ್ಯಾನು ಬಸ್ಸುಗಳನ್ನ ನೀರು ತಳ್ಳಿಕೊಂಡು ಹೋಗಿದ್ದನ್ನ ಆಮೇಲೆ ಎಲ್ಲರೂ ನೋಡಿದೆವು. ಹಿಮದ ಸುಳ್ಳಿಗೆ ಕುಣಿದ ನಾವು ಈ ನಿಜಕ್ಕೆ ಅಲುಗಾಡಿರಲಿಲ್ಲ.

ಮುನ್ಸೂಚನೆ ಕಿವಿಗೆ ಬಿದ್ದಾಗ ಎರಡು ಪ್ರಶ್ನೆ ಕೇಳಬೇಕು ಅಂತ ಈಗ ನನಗೆ ತೋರುತ್ತದೆ. ಇದು ನಿಜವಾ? ನಿಜವಾದರೆ ಮೊದಲು ಯಾರಿಗೆ ತಟ್ಟುತ್ತದೆ? ಅವತ್ತು ನಾನು ಮೊದಲನೆಯದನ್ನ ಮಾತ್ರ ಕೇಳಿದೆ, ಉತ್ತರ ಸಿಕ್ಕಿತು, ಹೋಗಿ ಬೆಚ್ಚಗೆ ಮಲಗಿದೆ. ಅಜ್ಜಿ ಎರಡನೆಯದನ್ನ ಮಾತ್ರ ಕೇಳಿದರು. ಓದಿದವನಾದ ನನಗೆ ಎರಡನ್ನೂ ಕೇಳುವ ಅನುಕೂಲವಿತ್ತು, ಕೇಳಲಿಲ್ಲ. ಹಿಮ ಇಲ್ಲ ಅಂತ ಸಾಬೀತು ಮಾಡಿದ ಮೇಲೆ ಚಳಿಯೂ ಇಲ್ಲ ಅನ್ನುವ ಹಾಗೆ ನಡೆದುಕೊಂಡೆ. ಸರಿಯಾದ ತಿಳಿವಳಿಕೆಯೇ ಕಣ್ಣಿಗೆ ಅಡ್ಡ ಬರಬಹುದು ಅನ್ನೋದು ನನಗೆ ಪುಸ್ತಕದಲ್ಲಿ ಸಿಕ್ಕಿರಲಿಲ್ಲ.

ಈಗ ಆ ಶೆಡ್ಡು ಇಲ್ಲ, ಅಲ್ಲಿ ಮನೆಗಳೆದ್ದಿವೆ. ಅಜ್ಜಿಯೂ ತೀರಿಕೊಂಡರು. ಇನ್ನೊಂದು ಲೇಔಟು ಶುರುವಾಗಿದೆ, ಹೊಸ ತಗಡಿನ ಶೆಡ್ಡು ಎದ್ದಿದೆ. ಧನುರ್ಮಾಸ ಬಂದಿದೆ. ಮೊನ್ನೆ ಸಂಜೆ ಆ ಕಡೆ ಹೋಗಿ, ಗೋಡೆಯ ಕೆಳಗೆ ಸಂದು ಎಷ್ಟಿದೆ ಅಂತ ನೋಡಿ ಬಂದೆ.